ಬಾರಿ ಹಣ್ಣಿನ ಕಾಲ ಬಂತು

ಗುಂಪಿನ ಅಣ್ಣಂದಿರು, ಅಕ್ಕಂದಿರು ಎಲ್ಲರಿಗೂ ನಮಸ್ಕಾರ.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದಾಗ ಬದುವಿನ ಬಾರಿ (ಬೋರೆ, ಎಲಚಿ) ಗಿಡ ಮರೀಬೇಡಿ. ಮಕ್ಕಳಿಗೂ ತೋರಿಸಿ. ಕೆಂಪಗಾಗಿ ಸ್ವಲ್ಪ ಸುಕ್ಕು ಬಿದ್ದ ಹಣ್ಣಿಗೇ ರುಚಿ ಜಾಸ್ತಿ, ಅಲ್ವಾ?

ಇದರಲ್ಲಿ ವಿಟಮಿನ್ ಸಿ ಚೆನ್ನಾಗಿದೆ. ಜೋಳದ ರೊಟ್ಟಿ, ಬೇಳೆ, ಸೊಪ್ಪಿನ ಪಲ್ಯದಲ್ಲಿರುವ ಕಬ್ಬಿಣದ ಅಂಶ ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಜೊತೆ ವಿಟಮಿನ್ ಸಿ ಇದ್ದರೆ ಹೆಚ್ಚು ಹತ್ತುತ್ತದೆ. ಅದಕ್ಕೇ ಉಂಡ ಕೂಡಲೇ ಒಂದು ಹಿಡಿ ತಿನ್ನಿ. ರಕ್ತ ಕಡಿಮೆ ಇರುವ ಹೆಣ್ಣುಮಕ್ಕಳಿಗೆ ಇದು ಒಳ್ಳೆಯದು, ಆದರೆ ಡಾಕ್ಟರ್ ಕೊಟ್ಟ ಮಾತ್ರೆ ಮಾತ್ರ ಬಿಡಬೇಡಿ. ಒಣಗಿಸಿಟ್ಟರೆ ನಾರು ಉಳಿಯುತ್ತದೆ, ವಿಟಮಿನ್ ಸಿ ಬಹಳಷ್ಟು ಹೋಗುತ್ತದೆ. ತಾಜಾ ಹಣ್ಣೇ ಮೇಲು.

ಒಂದು ಮಾತು ಗಮನವಿಟ್ಟು ಓದಿ. ತೊಗರಿಗೆ ಕಾಯಿಕೊರಕ ಹುಳ ಬಿದ್ದಾಗ ಎಣ್ಣೆ (ಕೀಟನಾಶಕ) ಹೊಡೆಯುತ್ತಾರೆ. ಅದು ಬದುವಿನ ಗಿಡಕ್ಕೂ ಸಿಡಿದಿರುತ್ತದೆ. ಹೊಲದವರನ್ನು ಕೇಳಿಯೇ ಕೀಳಿ. ಈಚೆಗೆ ಹೊಡೆದಿದ್ದರೆ ಆ ಗಿಡ ಬಿಟ್ಟುಬಿಡಿ. ಸುಮ್ನೆ ಅಂಗಿಗೆ ಒರೆಸಿ ಬಾಯಿಗೆ ಹಾಕೋದು ಬೇಡ, ಚೆನ್ನಾಗಿ ತೊಳೆಯಿರಿ. ಬಿಡಿಸಿ ನೋಡಿ, ಬೀಜದ ಸುತ್ತ ಕಂದು ಪುಡಿ ಇದ್ದರೆ ಹುಳ ಬಿದ್ದಿದೆ. ಚಿಕ್ಕ ಮಕ್ಕಳಿಗೆ ಬೀಜ ತೆಗೆದೇ ಕೊಡಿ, ಗಂಟಲಿಗೆ ಸಿಕ್ಕೀತು.

ಬೇಲಿಯಲ್ಲಿ ಗುಲಗಂಜಿ ಬಳ್ಳಿಯೂ ಇರುತ್ತದೆ. ಕೆಂಪು ಮೈ, ಕಪ್ಪು ಚುಕ್ಕೆಯ ಆ ಬೀಜ ಕಡು ವಿಷ. ಅಗಿದು ನುಂಗಿದರೆ ಜೀವಕ್ಕೇ ಅಪಾಯ, ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಕಲಬುರಗಿ ಜಿಲ್ಲೆಯ ಚಿಂಚೋಳಿ ಕಾಡು ವನ್ಯಜೀವಿಧಾಮ, ಅಲ್ಲಿ ಹಣ್ಣು ಕೀಳೋದು ಬೇಡ. ಕವಳಿ, ನೇರಳೆ ಹಣ್ಣಿನ ವಿಷಯ ಮಳೆಗಾಲದ ಹೊತ್ತಿಗೆ ಬರೆಯುತ್ತೇನೆ.