ರೇಮಂಡ್ ಬೆರ್ರಿ ಬಗ್ಗೆಯೂ ಬರೆಯಿರಿ

ಮಾನ್ಯ ಸಂಪಾದಕರೇ,

ನಿಮ್ಮ ಕ್ರೀಡಾಪುಟದಲ್ಲಿ ಅಮೆರಿಕನ್ ಫುಟ್‌ಬಾಲ್ ಅಂದರೆ ಸೂಪರ್ ಬೌಲ್ (ವೃತ್ತಿಪರ ಲೀಗ್‌ನ ಅಂತಿಮ ಪಂದ್ಯ) ಫಲಿತಾಂಶವಷ್ಟೇ. ನಮ್ಮ ಬಾಲ್ಟಿಮೋರ್ ಕೋಲ್ಟ್ಸ್ ತಂಡದಲ್ಲಿ ರಿಸೀವರ್ (ಎಸೆದ ಚೆಂಡು ಹಿಡಿಯುವ ಆಟಗಾರ) ಆಗಿದ್ದ ರೇಮಂಡ್ ಬೆರ್ರಿ ಬಗ್ಗೆಯೂ ಬರೆಯಿರಿ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 1954ರ ಆಯ್ಕೆಯಲ್ಲಿ 20ನೇ ಸುತ್ತಿನವರೆಗೂ ಅವರನ್ನು ಯಾರೂ ಕೇಳಲಿಲ್ಲ. ದೃಷ್ಟಿ ಮಂದ, ಓಟವೂ ಅಷ್ಟಕ್ಕಷ್ಟೇ. ಬೆರಳು ಗಟ್ಟಿಯಾಗಲೆಂದು ಮೆತ್ತನೆಯ ಮುದ್ದೆಯೊಂದನ್ನು ಹಿಸುಕುತ್ತಿದ್ದರಂತೆ. ಉಳಿದವರು ಮನೆಗೆ ಹೋದ ಮೇಲೂ ಸಹ ಆಟಗಾರ ಜಾನಿ ಯುನೈಟಸ್ ಚೆಂಡು ಎಸೆಯುತ್ತಿದ್ದರು, ಇವರು ಹಿಡಿಯುತ್ತಿದ್ದರು. 1958ರ ಲೀಗ್ ಫೈನಲ್‌ನಲ್ಲಿ 12 ಕ್ಯಾಚ್, 178 ಗಜ! ನಿವೃತ್ತರಾದಾಗ 631 ಕ್ಯಾಚ್, ಆಗಿನ ದಾಖಲೆ.

ಆಮೇಲೆ ಕೋಚ್ ಆದರು. 1984ರ ಸೀಸನ್ ನಡುವೆ ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ವಹಿಸಿಕೊಂಡು, ಮುಂದಿನ ಸೀಸನ್ನಿನಲ್ಲೇ ಆ ತಂಡವನ್ನು ಮೊದಲ ಸಲ ಸೂಪರ್ ಬೌಲ್‌ಗೆ ಒಯ್ದರು. ಅಲ್ಲಿ 46-10ರಿಂದ ಸೋತರು, ಇರಲಿ.

ನನ್ನ ಮಗನೂ ಶಾಲಾ ತಂಡದಲ್ಲಿ ರಿಸೀವರ್. ರಾತ್ರಿ ಊಟವಾದ ಮೇಲೆ ಹಿತ್ತಲ ದೀಪ ಹಾಕಿ ನಾನೇ ಎಸೆಯುತ್ತೇನೆ.

– ಓದುಗ, ಬಾಲ್ಟಿಮೋರ್