ಮಂಡಿಗೆ ಸಾಫ್ಟ್‌ವೇರ್ ತರುವ ಮುಂಚೆ

ಶಿವಮೊಗ್ಗ

ಚಿರಂಜೀವಿ ಪುಟ್ಟನಿಗೆ ನಿನ್ನ ಸೋದರಮಾವನ ಆಶೀರ್ವಾದಗಳು.

ನಮ್ಮ ಅಡಿಕೆ ಮಂಡಿಯ ಲೆಕ್ಕಕ್ಕೆ ನಮ್ಮದೇ ಸಾಫ್ಟ್‌ವೇರ್ ಬರೆಸೋಣವೋ, ರೆಡಿಮೇಡ್ ತರೋಣವೋ ಎಂದು ಕೇಳಿದ್ದೀಯ. ನೀನು ಕಾಲೇಜಿನಲ್ಲಿದ್ದಾಗ ನಾನು ಒಮ್ಮೆ ಪೂರ್ತಿ ಬರೆಸಿದ್ದೆ. ಬರೆದ ಹುಡುಗ ಬುದ್ಧಿವಂತ, ಮೂರು ವರ್ಷ ಚೆನ್ನಾಗಿಯೇ ನಡೆಯಿತು. ಆಮೇಲೆ ಅವನು ಬೇರೆ ಕೆಲಸ ಹಿಡಿದು ಊರು ಬಿಟ್ಟ. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದರೂ ನಮ್ಮ ಬಿಲ್ಲಿನಲ್ಲಿ ಹಳೆಯ ತೆರಿಗೆ ವ್ಯಾಟ್ ಎಂದೇ ಅಚ್ಚಾಗುತ್ತಿತ್ತು. ತಿದ್ದಿಸೋಣವೆಂದರೆ ಸೋರ್ಸ್ ಕೋಡ್, ಅಂದರೆ ಅವನು ಬರೆದ ಮೂಲ ಪ್ರೋಗ್ರಾಂ, ನಮ್ಮ ಬಳಿ ಇರಲಿಲ್ಲ. ಆ ತಿಂಗಳು ಪೂರ್ತಿ ನಿನ್ನ ಅತ್ತೆಯೂ ನಾನೂ ಕಾರ್ಬನ್ ಹಾಳೆ ಇಟ್ಟು ಕೈಯಲ್ಲೇ ಬಿಲ್ ಬರೆದೆವು. ರಾತ್ರಿ ಊಟಕ್ಕೆ ಕೂತರೆ ಅವಳ ಬೆರಳೆಲ್ಲ ನೀಲಿ.

ಹಾಗಾಗಿ ಸರ್ಕಾರ ಬದಲಿಸುತ್ತಲೇ ಇರುವ ಭಾಗವನ್ನು ಬರೆಸಬೇಡ. ಬಿಲ್ಲನ್ನು ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಇ-ಇನ್‌ವಾಯ್ಸ್ 2020ರ ಅಕ್ಟೋಬರ್‌ನಲ್ಲಿ 500 ಕೋಟಿ ಮೀರಿದ ವಹಿವಾಟಿನವರಿಗೆ ಮಾತ್ರ ಇತ್ತು. ಮೂರು ವರ್ಷ ತುಂಬುವ ಮೊದಲೇ, 2023ರ ಆಗಸ್ಟ್‌ಗೆ, 5 ಕೋಟಿ ಮೀರಿದವರಿಗೂ ಬಂತು. ಟ್ಯಾಲಿಯಂಥ ರೆಡಿಮೇಡ್ ಲೆಕ್ಕದ ಸಾಫ್ಟ್‌ವೇರ್ ಕೊಂಡರೆ ಇದರ ಬೆನ್ನು ಹತ್ತುವ ಕೆಲಸ ಅವರದು.

ಆದರೆ ಅದಕ್ಕೆ ಅಡಿಕೆ ಮಂಡಿಯ ವ್ಯವಹಾರ ಗೊತ್ತಿಲ್ಲ. ಬೆಳೆಗಾರನೊಬ್ಬ ಮೂವತ್ತು ಚೀಲ ಇಳಿಸುತ್ತಾನೆ ಅನ್ನು. ಅಡಿಕೆಯಲ್ಲಿ ಬಗೆಗಳಿವೆಯಲ್ಲ, ಅದರಲ್ಲಿ ಹದಿನೆಂಟು ಚೀಲ ರಾಶಿ, ಎಂಟು ಬೆಟ್ಟೆ, ಉಳಿದ ನಾಲ್ಕು ಗೊರಬಲು. ಒಂದೊಂದರ ಲಾಟೂ ಬೇರೆ, ವ್ಯಾಪಾರಿಗಳು ಕೂಗುವ ಟೆಂಡರ್ ದರವೂ ಬೇರೆ. ಕೊಳೆರೋಗಕ್ಕೆ ಔಷಧಿ ಹೊಡೆಸಲು ಮಳೆಗಾಲದಲ್ಲಿ ಒಯ್ದ ಮುಂಗಡ, ಅದರ ಬಡ್ಡಿ, ಹಮಾಲಿ ಎಲ್ಲ ಕಳೆದು ಕೈಗೆಷ್ಟು ಎಂದು ಅವನು ಗಲ್ಲಾ ಮುಂದೆ ನಿಂತಿರುವಾಗಲೇ ಹೇಳಬೇಕು. ರೆಡಿಮೇಡಿನಲ್ಲಿ ಇದನ್ನು ತುರುಕಲು ಹೋದರೆ ಗುಮಾಸ್ತ ಪಕ್ಕದಲ್ಲೊಂದು ಎಕ್ಸೆಲ್ ತೆರೆದು ಎರಡೆರಡು ಲೆಕ್ಕ ಇಡುತ್ತಾನೆ. ಒಂದು ದಿನ ಎರಡೂ ತಾಳೆಯಾಗುವುದಿಲ್ಲ, ಬೆಳೆಗಾರ ಮುಂದಿನ ಸಲ ಎದುರು ಮಂಡಿಯಲ್ಲಿ ಚೀಲ ಇಳಿಸುತ್ತಾನೆ. ಬೆಳೆಗಾರನ ಈ ಲೆಕ್ಕವನ್ನು ಮಾತ್ರ ಬರೆಸು. ಸಂಜೆ ಮೊತ್ತ ಟ್ಯಾಲಿಗೆ ಹೋಗುವಂತಿರಲಿ.

ಸಾಫ್ಟ್‌ವೇರ್ ಬರೆಯುವವರಿಗೆ ಮುಂಗಡ ದುಡ್ಡು ಕೊಡುವ ಮೊದಲೇ ಕರಾರು ಬರೆಸಿಕೋ. ಸೋರ್ಸ್ ಕೋಡ್ ನಮ್ಮದು, ಪಾಸ್‌ವರ್ಡ್ ನಿನ್ನ ಕೈಲಿ. ವರ್ಷವರ್ಷದ ರಿಪೇರಿಗೆ ಎಷ್ಟು ಎಂಬುದನ್ನೂ ಈಗಲೇ ಮಾತಾಡು. ನನಗೆ ಆಗ ಅದು ಹೊಳೆಯಲೇ ಇಲ್ಲ. ಬರೆಯುವವರನ್ನು ಟೆಂಡರ್ ಇರುವ ಒಂದು ದಿನ ಬೆಳಗ್ಗಿನಿಂದ ಗಲ್ಲಾ ಪಕ್ಕ ಕೂರಿಸು.

ಭಾನುವಾರ ಬಾ. ಆ ಕೈಬಿಲ್ಲುಗಳ ಕಟ್ಟನ್ನು ಅಟ್ಟದಿಂದ ಇಳಿಸಿಟ್ಟಿದ್ದೇನೆ. ಏನನ್ನು ಕಳೆದ ಮೇಲೆ ಏನು ಬರಬೇಕು ಎಂಬುದು ಅದರಲ್ಲಿ ಸಾಲುಸಾಲಾಗಿ ಇದೆ, ಅವರಿಗೆ ತೋರಿಸಲು ಬೇಕಾಗುತ್ತದೆ.

ಇಂತಿ,
ನಿನ್ನ ಮಾವ