ಕ್ವಾಲಿಸ್‌ಗೆ ಟರ್ಬೊ ಎಂಜಿನ್: ಕದ್ದು ಮಾಡುವ ಕೆಲಸಕ್ಕೆ ನೇರ ದಾರಿ ಕೊಡಿ

ಸಂಪಾದಕರಿಗೆ,

ಮಾನ್ಯರೆ,

ಹಳೆಯ ವಾಹನಗಳ ನೋಂದಣಿ ನವೀಕರಣಕ್ಕೆ ಶುಲ್ಕ ಏರಿಸಿರುವುದರ ಬಗ್ಗೆ ಎಲ್ಲರೂ ಮಾತಾಡುತ್ತಿದ್ದಾರೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ರೂಪಾಯಿ ಎಂದರೆ ಹಳ್ಳಿಯವರಿಗೆ ಸಣ್ಣ ಮೊತ್ತವೇನಲ್ಲ, ಒಪ್ಪುತ್ತೇನೆ. ಆದರೆ ಅದೇ ಹಳೆಯ ಗಾಡಿಗಳ ಬಾನೆಟ್ ಕೆಳಗೆ ನಡೆಯುತ್ತಿರುವ ಕೆಲಸದ ಬಗ್ಗೆ ಯಾರೂ ಬಾಯಿ ಬಿಡುತ್ತಿಲ್ಲ. ತೀರ್ಥಹಳ್ಳಿಯಲ್ಲಿ ಡೀಸೆಲ್ ಗ್ಯಾರೇಜ್ ಇಟ್ಟುಕೊಂಡಿರುವ ನಾನು ಆ ಬಗ್ಗೆಯೇ ಬರೆಯುತ್ತಿದ್ದೇನೆ.

ನಮ್ಮ ಕಡೆ ಟೊಯೊಟಾ ಕ್ವಾಲಿಸ್ ಇನ್ನೂ ಮನೆಮನೆಯಲ್ಲಿದೆ. ಬಿಡದಿಯ ಕಾರ್ಖಾನೆಯಿಂದ 2000ರಲ್ಲಿ ಹೊರಬಂದ ಗಾಡಿ ಅದು, 2005ಕ್ಕೆ ನಿಂತೂ ಹೋಯಿತು. ಕೊನೆಯದಾಗಿ ಬಂದ ಗಾಡಿಗೂ ಈಗ ಇಪ್ಪತ್ತು ದಾಟಿದೆ. ಆದರೂ ಮಾರಲು ಯಾರಿಗೂ ಮನಸ್ಸಿಲ್ಲ. ಗಟ್ಟಿ ಚಾಸಿ, ಹಿಂದೆ ಪಟ್ಟೆ ಸ್ಪ್ರಿಂಗು, ಎಂಟು ಹತ್ತು ಜನ ಕೂರುವ ಜಾಗ. ಮದುವೆ ದಿಬ್ಬಣಕ್ಕೂ ಅದೇ, ಧರ್ಮಸ್ಥಳಕ್ಕೂ ಅದೇ, ಸೀಟು ಮಡಚಿದರೆ ಅಡಿಕೆ ಮೂಟೆಗೂ ಅದೇ. ಅದರ ದೋಷ ಒಂದೇ, ಏರಿನಲ್ಲಿ ಎಳೆಯುವುದಿಲ್ಲ. 2446 ಸಿಸಿಯ ಆ ಡೀಸೆಲ್ ಎಂಜಿನ್ನಿಗೆ ಟರ್ಬೊ ಇಲ್ಲ. ಕೊಡುವ ಶಕ್ತಿ 75 ಅಶ್ವಶಕ್ತಿ. ಮನೆಮಂದಿಯನ್ನೆಲ್ಲ ತುಂಬಿಕೊಂಡು ಸೋಮೇಶ್ವರದಿಂದ ಆಗುಂಬೆ ಘಾಟಿ ಹತ್ತಿದವರಿಗೆ ಗೊತ್ತು. ಹದಿನಾಲ್ಕು ತಿರುವಿನಲ್ಲೂ ಎಸಿ ಆರಿಸಿ, ಮೊದಲನೇ ಗೇರಿಗೆ ಇಳಿದು, ಹಿಂದಿನಿಂದ ಹಾರನ್ ಹೊಡೆಯುವವರ ಬೈಗುಳ ಕೇಳಿಸಿಕೊಂಡೇ ಹತ್ತಬೇಕು.

ಅದರ ಬದಲಿಗೆ ಬಂದ ಇನ್ನೋವಾದ್ದು 2494 ಸಿಸಿ ಎಂಜಿನ್. ಅಳತೆಯಲ್ಲಿ ಹೆಚ್ಚೇನೂ ವ್ಯತ್ಯಾಸವಿಲ್ಲ. ಆದರೆ ಟರ್ಬೊ ಇದೆ, ಡೀಸೆಲ್ಲನ್ನು ಭಾರಿ ಒತ್ತಡದಲ್ಲಿ ಅಳೆದು ಚಿಮ್ಮಿಸುವ ಕಾಮನ್ ರೈಲ್ ಇದೆ. 102 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ಟಾರ್ಕು, ಅದೂ 1400 ಆರ್‌ಪಿಎಮ್ಮಿನಿಂದಲೇ. ಏರಿನಲ್ಲಿ ಬೇಕಾದದ್ದು ಇದೇ, ಕೆಳಗಿನ ಆರ್‌ಪಿಎಮ್ಮಿನ ಎಳೆತ. ಹೊರಗೆ ಹೋಗುವ ಬಿಸಿ ಹೊಗೆಯೇ ಟರ್ಬೊದ ಚಕ್ರವನ್ನು ತಿರುಗಿಸುತ್ತದೆ, ಆ ಚಕ್ರ ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುತ್ತದೆ. ಗಾಳಿ ಹೆಚ್ಚಾದಷ್ಟೂ ಹೆಚ್ಚು ಡೀಸೆಲ್ಲನ್ನು ಪೂರ್ತಿ ಉರಿಸಬಹುದು. ವ್ಯರ್ಥವಾಗಿ ಹೋಗುತ್ತಿದ್ದ ಶಾಖದಿಂದ ಕೆಲಸ ತೆಗೆಯುವ ಈ ಏರ್ಪಾಟನ್ನು ಬಿಚ್ಚಿ ನೋಡಿದಾಗಲೆಲ್ಲ ನನಗೆ ಈಗಲೂ ಸಂತೋಷವಾಗುತ್ತದೆ.

ಹಾಗಾಗಿ ಹುಡುಗರು ಮೊಬೈಲ್ ಹಿಡಿದುಕೊಂಡು ಬಂದು, ‘ಅಣ್ಣಾ, ಕ್ವಾಲಿಸ್‌ಗೆ ಇನ್ನೋವಾ ಎಂಜಿನ್ ಕೂರಿಸಿಕೊಡ್ತೀರಾ?’ ಎಂದು ಕೇಳುವುದರಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಅವರು ಬಯಸುವುದು ಶೋಕಿಗಲ್ಲ. ಹೊಸ ಗಾಡಿಯ ಬೆಲೆ ಅವರ ಕೈಗೆಟುಕುವುದಿಲ್ಲ, ಹಳೆಯದು ತುಕ್ಕು ಹಿಡಿಯದೆ ಗಟ್ಟಿಯಾಗಿ ನಿಂತಿದೆ. ಆದರೂ ನಾನು ಆಗುವುದಿಲ್ಲ ಎನ್ನುತ್ತೇನೆ. ಅವರು ಮುಂದಿನ ಊರಿಗೆ ಹೋಗುತ್ತಾರೆ. ಅಲ್ಲಿ ಮಾಡಿಕೊಡುವವರು ಇದ್ದಾರೆ.

ಮಾಡಿಕೊಟ್ಟದ್ದು ಹೇಗಿರುತ್ತದೆ ಎಂದು ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ಕೊಪ್ಪದ ಕಡೆಯ ಅಡಿಕೆ ಬೆಳೆಗಾರರೊಬ್ಬರು ಗಾಡಿ ತಂದರು. ‘ಎಂಜಿನ್ನು ಭಾರಿ ಎಳೀತದೆ ಮಾರಾಯ್ರೆ, ಆದ್ರೆ ಬ್ರೇಕು ಒಮ್ಮೊಮ್ಮೆ ಕಲ್ಲು ಒತ್ತಿದಂಗೆ ಆಗ್ತದೆ’ ಎಂದರು. ಪೇಟೆಯೊಳಗೆ ಓಡಿಸಿ ನೋಡಿದೆ, ಏನೂ ಇಲ್ಲ, ಬ್ರೇಕ್ ಸರಿಯಾಗಿಯೇ ಹಿಡಿಯಿತು. ಆಗುಂಬೆ ರಸ್ತೆಯಲ್ಲಿ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ, ಬದಿಗೆ ನಿಲ್ಲಿಸಿ, ಎಂಜಿನ್ ಆರಿಸದೆ ಬಾನೆಟ್ ಎತ್ತಿ ನೋಡಿದೆ. ಪೆಡಲ್ ಒತ್ತುವ ಕಾಲಿಗೆ ಬಲ ಕೂಡಿಸುವ ಬ್ರೇಕ್ ಬೂಸ್ಟರಿಗೆ ಹೋಗುವ ವ್ಯಾಕ್ಯೂಮ್ (ನಿರ್ವಾತ) ಪೈಪು ಮಧ್ಯದಲ್ಲಿ ಚಪ್ಪಟೆಯಾಗಿ ಅಂಟಿಕೊಂಡಿತ್ತು.

ಡೀಸೆಲ್ ಎಂಜಿನ್ನಿನಲ್ಲಿ ಬ್ರೇಕಿಗೆ ಬೇಕಾದ ನಿರ್ವಾತವನ್ನು ಎಳೆದುಕೊಡಲು ಪ್ರತ್ಯೇಕ ಪಂಪು ಇರುತ್ತದೆ. ಎಂಜಿನ್ ಬದಲಾಯಿಸಿದಾಗ ಹಳೆಯ ಪೈಪಿನ ಉದ್ದ ಸಾಲಲಿಲ್ಲ. ಕೂರಿಸಿದವರು ನಡುವೆ ಸಾಧಾರಣ ನೀರಿನ ಪೈಪಿನ ತುಂಡೊಂದನ್ನು ಸೇರಿಸಿ ಎರಡು ಕ್ಲಿಪ್ ಬಿಗಿದಿದ್ದರು. ಅದೂ ಟರ್ಬೊದ ಪಕ್ಕದಲ್ಲೇ ಹಾಯಿಸಿದ್ದರು. ಏರು ಹತ್ತಿದ ಟರ್ಬೊ ಎಷ್ಟು ಕಾಯುತ್ತದೆಂದು ಹತ್ತಿರ ಕೈ ಒಯ್ದವರಿಗೆ ಗೊತ್ತು. ಬಿಸಿಗೆ ಪೈಪು ಮೆತ್ತಗಾಗುತ್ತದೆ, ಒಳಗಿನ ಎಳೆತಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ. ಬೂಸ್ಟರಿಗೆ ನಿರ್ವಾತ ಸಿಗುವುದಿಲ್ಲ, ಪೆಡಲ್ ಗಟ್ಟಿಯಾಗುತ್ತದೆ. ಏರು ಮುಗಿದು ಇಳಿಜಾರು ಶುರುವಾಗುವ ಹೊತ್ತಿಗೇ ಸರಿಯಾಗಿ ಬ್ರೇಕ್ ಕೈಕೊಡುತ್ತದೆ. ಗಾಡಿ ತಣ್ಣಗಾದ ಮೇಲೆ ಮೆಕ್ಯಾನಿಕ್ ನೋಡಿದರೆ ಎಲ್ಲವೂ ಸರಿಯಾಗಿಯೇ ಇರುತ್ತದೆ! ಒಂದು ಗೇಣುದ್ದದ ಪೈಪು. ಬಲೆ ನೇಯ್ದ, ಗಟ್ಟಿ ಗೋಡೆಯ ಸರಿಯಾದ ಪೈಪಿಗೆ ಎಷ್ಟು ಖರ್ಚಾಗುತ್ತಿತ್ತು? ಆ ಗಾಡಿಯಲ್ಲಿ ಅವರ ಮೊಮ್ಮಕ್ಕಳು ಶಾಲೆಗೆ ಹೋಗುತ್ತಿದ್ದರು.

ಟರ್ಬೊದಿಂದ ಎಣ್ಣೆ ವಾಪಸ್ ಬರುವ ಪೈಪನ್ನೂ ನೋಡಿದೆ. ಟರ್ಬೊದ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೇಲೆ ತಿರುಗುವಂಥದ್ದು, ತೆಳುವಾದ ಎಣ್ಣೆಯ ಪದರದ ಮೇಲೆ ತೇಲುತ್ತಲೇ ತಿರುಗಬೇಕು. ವಾಪಸಾಗುವ ಎಣ್ಣೆಗೆ ಒತ್ತಡವಿರುವುದಿಲ್ಲ, ಅದು ತನ್ನ ಭಾರಕ್ಕೆ ತಾನೇ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಗೆ ಇಳಿಯಬೇಕು. ಆದ್ದರಿಂದ ಆ ಪೈಪು ದಪ್ಪಗಿರಬೇಕು, ಎಲ್ಲೂ ಮೇಲೇಳದೆ ಇಳಿಮುಖವಾಗಿಯೇ ಸಾಗಬೇಕು. ಇಲ್ಲಿ ಸ್ಟೀರಿಂಗ್ ಕಂಬಿಗೆ ತಾಗುತ್ತದೆಂದು ಬಳಸಿ ಒಯ್ದು ನಡುವೆ ಏರಿಸಿದ್ದರು. ಎಣ್ಣೆ ನಿಂತು, ಸೀಲಿನಿಂದ ಒಸರಿ, ಬಿಸಿ ಕಬ್ಬಿಣದ ಮೇಲೆ ಹನಿಯುತ್ತಿತ್ತು. ಹೀಗೇ ಬೆಂಕಿ ಹತ್ತಿಕೊಂಡ ಗಾಡಿಯ ಸುದ್ದಿ ‘ಶಾರ್ಟ್ ಸರ್ಕ್ಯೂಟ್ ಶಂಕೆ’ ಎಂದು ಮುಗಿದುಹೋಗುತ್ತದೆ.

ಇನ್ನು ಕೆಲವರು ಎಂಜಿನ್ ಬದಲಾಯಿಸುವುದಿಲ್ಲ, ಹಳೆಯ ಎಂಜಿನ್ನಿಗೇ ಒಂದು ಟರ್ಬೊ ತಗುಲಿಸಿ ಪಂಪಿನಲ್ಲಿ ಡೀಸೆಲ್ ಏರಿಸುತ್ತಾರೆ. ಇದು ಇನ್ನೂ ಕೆಟ್ಟದ್ದು. ಕ್ವಾಲಿಸ್ಸಿನ ಎಂಜಿನ್ ಬಿಸಿಯಾದರೆ ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಬಿರುಕು ಬಿಡುತ್ತದೆಂಬುದು ಈ ಕಸುಬಿನವರಿಗೆಲ್ಲ ಗೊತ್ತಿರುವ ವಿಷಯ. ಅದರ ಮೇಲೆ ಟರ್ಬೊದ ಒತ್ತಡ ಹೇರಿದರೆ ಮೊದಲ ಬೇಸಿಗೆಗೇ ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ.

ಎಂಜಿನ್ನಿಗೆ ಬಲ ಬಂದರೆ ಉಳಿದದ್ದಕ್ಕೂ ಬಲ ಬರಬೇಕು. ಗಂಟೆಗೆ 60 ಕಿಲೋಮೀಟರಿನಲ್ಲಿ ಓಡುತ್ತಿದ್ದ ಗಾಡಿ 90ರಲ್ಲಿ ಓಡಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ಕ್ಲಚ್, ಹಿಂದಿನ ಚಕ್ರಗಳಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಉದ್ದ, ಅದರ ಕೀಲು, ಹಿಂದಿನ ಆಕ್ಸಲ್ಲಿನ ಕ್ರೌನು ಗೇರು, ರೇಡಿಯೇಟರು ಎಲ್ಲವನ್ನೂ ಲೆಕ್ಕ ಹಾಕಬೇಕು. ಗೇರ್‌ಬಾಕ್ಸ್ ಒಂದು ಗಾಡಿಯದು, ಹಿಂದಿನ ಆಕ್ಸಲ್ ಇನ್ನೊಂದರದು ಆದಾಗ ಸ್ಪೀಡೋಮೀಟರ್ ತೋರಿಸುವುದೂ ಸುಳ್ಳಾಗಬಹುದು, ಇಳಿಜಾರಿನಲ್ಲಿ ಗೇರು ತಡೆದು ಹಿಡಿಯುವ ಬಲವೂ ಕಡಿಮೆಯಾಗಬಹುದು. ಕಂಪನಿಯೇ ಆ ಟರ್ಬೊ ಎಂಜಿನ್ನನ್ನು ಕ್ವಾಲಿಸ್ಸಿಗೆ ಇಳಿಸಿ ಮಾರಲಿಲ್ಲ, ಚಾಸಿಯಿಂದ ಹಿಡಿದು ಗಾಡಿಯನ್ನೇ ಬೇರೆ ಮಾಡಿತು ಎಂಬುದನ್ನು ನಮ್ಮ ಹುಡುಗರು ಯೋಚಿಸಬೇಕು.

ಇಷ್ಟೆಲ್ಲ ಹೇಳಿದರೂ ಇದು ಆಗದ ಕೆಲಸ ಎಂದು ನಾನು ಹೇಳುವುದಿಲ್ಲ. ತಿಳಿದವರು, ಸರಿಯಾದ ಸಾಮಾನು ಹಾಕಿ, ಬ್ರೇಕಿನಿಂದ ಶುರುಮಾಡಿದರೆ ಖಂಡಿತ ಆಗುತ್ತದೆ. ಹೊಗೆಯೂ ಕಡಿಮೆಯಾಗುತ್ತದೆ. ಚೆನ್ನಾಗಿ ಟ್ಯೂನ್ ಆಗಿರುವ ಕಾಮನ್ ರೈಲ್ ಎಂಜಿನ್ ಏರಿನಲ್ಲಿ ಬಿಡುವ ಹೊಗೆಗೂ ಸವೆದ ಹಳೆಯ ಎಂಜಿನ್ ಬಿಡುವ ಕರಿ ಹೊಗೆಗೂ ಹೋಲಿಕೆಯೇ ಇಲ್ಲ. ಕಷ್ಟವಿರುವುದು ಕಾನೂನಿನಲ್ಲಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೂಲದಲ್ಲಿ ನಮೂದಿಸಿದ ವಿವರಕ್ಕೆ ಹೊಂದದಂತೆ ಗಾಡಿಯನ್ನು ಬದಲಾಯಿಸುವಂತಿಲ್ಲ. ಕೇರಳದಿಂದ ಹೋಗಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿ ಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೆ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಎಂದು ಸೇರಿಸಿದರು. ಎಂಜಿನ್ ಸತ್ತುಹೋದರೆ ಅದೇ ಬಗೆಯ ಇನ್ನೊಂದನ್ನು ಹಾಕಿ ಆರ್‌ಟಿಒ ಕಚೇರಿಯಲ್ಲಿ ಆರ್‌ಸಿಗೆ ಏರಿಸಿಕೊಳ್ಳಬಹುದು, ಅಷ್ಟೇ.

ಕಾನೂನು ಬೇಡವೆನ್ನುವವನು ನಾನಲ್ಲ. ಮೇಲೆ ಹೇಳಿದ ನೀರಿನ ಪೈಪು ನೋಡಿದವನು ಹಾಗೆ ಹೇಳಲಾರ. ಆದರೆ ನಿಷೇಧಿಸಿ ಸುಮ್ಮನಾದರೆ ಕೆಲಸ ನಿಲ್ಲುವುದಿಲ್ಲ, ಶೆಡ್ಡಿನ ಬಾಗಿಲು ಹಾಕಿಕೊಂಡು ನಡೆಯುತ್ತದೆ. ಗುಜರಿಯಿಂದ ಬಿಲ್ಲಿಲ್ಲದ ಎಂಜಿನ್ ಬರುತ್ತದೆ. ಅದು ಅಪಘಾತದ ಗಾಡಿಯದೋ ಕದ್ದ ಗಾಡಿಯದೋ ಯಾರಿಗೆ ಗೊತ್ತು? ಆರ್‌ಸಿಯಲ್ಲಿರುವ ನಂಬರೇ ಬೇರೆ, ಬ್ಲಾಕ್ ಮೇಲಿರುವ ನಂಬರೇ ಬೇರೆ. ನಾಳೆ ಘಾಟಿಯಲ್ಲಿ ಏನಾದರೂ ಆದರೆ ವಿಮೆಯವರು ಮೊದಲು ನೋಡುವುದು ಅದನ್ನೇ. ಕೊಪ್ಪದ ಆ ಹಿರಿಯರಿಗೆ ಇದನ್ನೆಲ್ಲ ಬಿಡಿಸಿ ಹೇಳಿದಾಗ, ‘ಮಾಡಿದವ ಇದೊಂದೂ ಹೇಳ್ಲಿಲ್ಲ’ ಎಂದು ಸುಮ್ಮನೆ ಕುಳಿತರು. ದುಡ್ಡು ಕೊಟ್ಟವರು ಅವರು, ಕಾಯ್ದೆಯ ಕಣ್ಣಿನಲ್ಲಿ ಅಪರಾಧಿಯೂ ಅವರೇ. ಪೈಪು ಸೇರಿಸಿದವನು ಆರಾಮವಾಗಿದ್ದಾನೆ.

ಸರ್ಕಾರಕ್ಕೆ ಇದು ಹೊಸ ದಾರಿಯೂ ಅಲ್ಲ. ಪೆಟ್ರೋಲ್ ಗಾಡಿಗೆ ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸಲು ಅದೇ 52ನೇ ಕಲಮಿನಲ್ಲಿ ಅವಕಾಶವಿದೆ. ಒಪ್ಪಿಗೆ ಪಡೆದ ಕಿಟ್, ಅದನ್ನು ಕೂರಿಸಲು ಅಧಿಕೃತ ಕೇಂದ್ರ, ಆಮೇಲೆ ಆರ್‌ಸಿಯಲ್ಲಿ ನಮೂದು. ಹಳೆಯ ಗಾಡಿಗೆ ಬ್ಯಾಟರಿ, ಮೋಟಾರು ಕೂರಿಸುವುದಕ್ಕೂ ಮಾನದಂಡ ಬರೆದಿದ್ದಾರೆ. ಇಡೀ ಎಂಜಿನ್ ಎತ್ತಿ ಎಸೆದು ಮೋಟಾರು ಹಾಕಲು ನಿಯಮ ಮಾಡಬಹುದಾದರೆ, ಒಂದೇ ಕಂಪನಿಯ, ಹೆಚ್ಚು ಕಡಿಮೆ ಅದೇ ಅಳತೆಯ, ಅದಕ್ಕಿಂತ ಶುದ್ಧವಾದ ಎಂಜಿನ್ ಹಾಕಲು ಯಾಕೆ ಮಾಡಬಾರದು? ಆಸ್ಟ್ರೇಲಿಯಾದಲ್ಲಿ ಇದಕ್ಕೆಂದೇ ಬರೆದಿಟ್ಟ ಸಂಹಿತೆ ಇದೆ. ಗಾಡಿಯ ತೂಕಕ್ಕೆ ತಕ್ಕಂತೆ ಎಷ್ಟು ಸಿಸಿಯ ಎಂಜಿನ್ ಹಾಕಬಹುದೆಂಬ ಮಿತಿ ಅದರಲ್ಲಿದೆ, ಟರ್ಬೊ ಇದ್ದರೆ ಆ ಮಿತಿ ಇನ್ನೂ ಬಿಗಿ. ಜರ್ಮನಿಯಲ್ಲಿ ತಜ್ಞ ಪರೀಕ್ಷಕರು ಗಾಡಿಯನ್ನು ಒಂದೊಂದಾಗಿ ಪರೀಕ್ಷಿಸಿ ಬರೆದುಕೊಟ್ಟರೆ ದಾಖಲೆಯಲ್ಲಿ ಸೇರಿಸುತ್ತಾರೆ. ಅಲ್ಲಿನ ರಸ್ತೆಗಳಿಗೆ ಆಗುವುದು ನಮ್ಮ ಘಾಟಿಗೂ ಆದೀತು.

ಕಾಯ್ದೆ ಕೇಂದ್ರದ್ದು, ನಿಜ. ಆದರೆ ಕೇಂದ್ರಕ್ಕೆ ಬರೆಯಲು ರಾಜ್ಯದ ಸಾರಿಗೆ ಸಚಿವರಿಗೆ, ಮಲೆನಾಡಿನ ಸಂಸದರಿಗೆ ಯಾರ ಅಡ್ಡಿಯೂ ಇಲ್ಲ. ಎಂಜಿನ್ನಿಗೆ ಬಿಲ್ಲು ಮತ್ತು ಅದು ಯಾವ ಗಾಡಿಯದೆಂಬ ದಾಖಲೆ ಕಡ್ಡಾಯವಾಗಲಿ. ಕೂರಿಸುವ ಗ್ಯಾರೇಜಿಗೆ ಪರವಾನಗಿ ಇರಲಿ, ಮಾಡಿದ ಕೆಲಸಕ್ಕೆ ಅದರ ಮಾಲೀಕ ರುಜು ಹಾಕಲಿ. ತಪ್ಪಾದರೆ ಅವನೇ ಹೊಣೆಯಾಗಲಿ. ಆ ರುಜು ಹಾಕಲು ನಾನು ತಯಾರಿದ್ದೇನೆ. ಪರೀಕ್ಷೆಯನ್ನು ಮಾತ್ರ ಗಾಡಿ ಬಿಸಿಯಾಗಿರುವಾಗಲೇ, ಏರು ಹತ್ತಿಸಿ ಇಳಿಸಿಯೇ ಮಾಡಬೇಕು. ಕಚೇರಿಯ ಅಂಗಳದಲ್ಲಿ ಒಂದು ಸುತ್ತು ಹೊಡೆಸಿ ಠಸ್ಸೆ ಒತ್ತುವುದಾದರೆ ಈ ನಿಯಮವೇ ಬೇಡ.

ಅಲ್ಲಿಯವರೆಗೆ ಕ್ವಾಲಿಸ್ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಎಂಜಿನ್ ಬದಲಾಯಿಸುವ ಆಸೆ ಸದ್ಯಕ್ಕೆ ಬಿಡಿ. ನಾಝಲ್ ಬಿಚ್ಚಿಸಿ ಒತ್ತಡ ನೋಡಿಸಿ, ಪಂಪ್ ಕ್ಯಾಲಿಬ್ರೇಶನ್ ಮಾಡಿಸಿ, ರೇಡಿಯೇಟರಿನ ಕೊಳವೆಗಳಲ್ಲಿ ಕಟ್ಟಿದ ಕಸ ತೆಗೆಸಿ, ಏರ್ ಫಿಲ್ಟರ್ ಬದಲಿಸಿ. ಕಳೆದುಹೋದ ಎಳೆತದಲ್ಲಿ ಬಹುಪಾಲು ವಾಪಸ್ ಬರುತ್ತದೆ, ಕಾಗದಪತ್ರವೂ ಸರಿಯಾಗಿರುತ್ತದೆ. ಈಗಾಗಲೇ ಬದಲಾಯಿಸಿಕೊಂಡವರು ಬೇರೊಬ್ಬ ಮೆಕ್ಯಾನಿಕ್ ಹತ್ತಿರ ಬ್ರೇಕ್ ಪೈಪನ್ನೂ ಟರ್ಬೊದ ಎಣ್ಣೆ ಪೈಪನ್ನೂ ಎಂಜಿನ್ ಬಿಸಿಯಿರುವಾಗ ತೋರಿಸಿ. ದಂಡಕ್ಕೆ ಹೆದರಿ ಮುಚ್ಚಿಡಬೇಡಿ. ನನ್ನ ಹತ್ತಿರ ಬಂದರೆ ಅಷ್ಟನ್ನು ನೋಡಿಕೊಡಲು ದುಡ್ಡು ತೆಗೆದುಕೊಳ್ಳುವುದಿಲ್ಲ.

ಇಂತಿ,
ಒಬ್ಬ ಡೀಸೆಲ್ ಮೆಕ್ಯಾನಿಕ್, ತೀರ್ಥಹಳ್ಳಿ